ಕುಸ್ವಾರಿನ ವಹಿ

— ಅಡಿಗಿ ಮನ್ಯಾಗ ಬಾಚಣಿಗಿ ಯಾಕ್ರಿ ಮೇಡಂ?

— ಹೆದರಬೇಡ ಮಾರಾಯ್ತಿ, ಹೊಸತು ಅದು. ತಲೆಗೆ ಮುಟ್ಟಿಸಿದ್ದಲ್ಲ. ಇಷ್ಟು ಹಿಟ್ಟು ತಗೋ. ಅಷ್ಟು ಬೇಡ, ಅದರ ಅರ್ಧ ಸಾಕು. ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಚಪ್ಪಟೆ ಒತ್ತು. ಈಗ ತುದಿ ಹಿಡಿದು ಸುರುಳಿ ಸುತ್ತಿಕೊಂಡು ಬಾ. ಗೆರೆ ಬಿತ್ತಲ್ಲ, ಅದೇ ಕಿಡ್ಯೊ. ಬೆಂಗಳೂರಿನವರು ಕಲ್‌ಕಲ್ ಅಂತಾರೆ. ಒಂದು ಕೆ.ಜಿ. ಮೈದಾ ಕಲಸಿದ್ದೇನೆ, ಸಂಜೆಯವರೆಗೆ ಕೆಲಸ ಉಂಟು.

— ರಜಾ ದಿನಾ ಮನಿಗೆ ಕರದು ಕೆಲಸಕ್ಕ ಹಚ್ಚಿದ್ರಿ ಅಂದಂಗಾತು.

— ಊಟಕ್ಕೆ ಕರೆದದ್ದು 25ಕ್ಕೆ. ಇವತ್ತು ಕರೆದದ್ದು ನಿನ್ನ ಕೈಗಳನ್ನು. ಮೊದಲು ಈ ಮನೆಯಲ್ಲಿ ಚಾಪೆ ಹಾಸಿ, ಸುತ್ತ ಕೂತು ಮಾಡ್ತಾ ಇದ್ದ ಕೆಲಸ ಇದು. ಅತ್ತೆ, ಅತ್ತೆಯ ತಂಗಿ, ನನ್ನ ಮಕ್ಕಳು, ಆಚೆ ಮನೆ ಮಕ್ಕಳು. ಅರ್ಧ ಹಿಟ್ಟು ಹಸಿಯಾಗಿಯೇ ಹೊಟ್ಟೆಗೆ ಹೋಗ್ತಾ ಇತ್ತು. ಈಗ ಮಗ ದುಬೈ, ಮಗಳು ಟೊರಾಂಟೊ. ಇಲ್ಲಿ ನಾನು ಮತ್ತು ಇವರು. ಇವರು ತೆಂಗಿನಕಾಯಿ ತುರಿದು, ಹಾಲು ಹಿಂಡಿ ಕೊಡ್ತಾರೆ. ಅಲ್ಲಿಗೆ ಅವರ ಪಾಲಿನ ಕ್ರಿಸ್‌ಮಸ್ ಮುಗಿಯಿತು.

— ಹಂಗಾದ್ರ ಪ್ಯಾಟ್ಯಾಗ ತರಬಹುದಲ್ರಿ? ಹಂಪನಕಟ್ಟಾದಾಗ ಬೇಕರಿ ತುಂಬ ಡಬ್ಬಿ ಪೇರಿಸಿ ಇಟ್ಟಾರ. ಕ್ರಿಸ್‌ಮಸ್ ತಿಂಡಿ ತುಂಬಿ, ಕುಸ್ವಾರ್ ಅಂತ ಚೀಟಿ ಅಂಟಿಸಿ, ಕಿಲೋ ಲೆಕ್ಕದಾಗ ಮಾರಾಕತ್ತಾರ.

— ತಂದಿದ್ದೇನೆ. ಚಕ್ಕುಲಿ, ಎಳ್ಳುಂಡೆ, ನೆವ್ರಿ ಮೂರೂ ಹೊರಗಿನದ್ದೇ. ಅದಕ್ಕೆ ನಾಚಿಕೆ ಎಂತ? ಅಮ್ಮನ ಕಾಲದಲ್ಲಿ ಅಷ್ಟೂ ಬಗೆ ಮನೆಯಲ್ಲೇ ಆಗಬೇಕಿತ್ತು. ಈಗ ನಾನು ಮಾಡುದು ಮೂರೇ. ಕಿಡ್ಯೊ, ಕೊಕ್ಕಿಸಾಂ, ಕೇಕ್. ಸೊಂಟಕ್ಕೆ ಒಪ್ಪಿಗೆಯಾದಷ್ಟು.

— ನೆವ್ರಿ ಅಂದ್ರ ಆ ಅರ್ಧಚಂದ್ರದ್ದು ಹೌದಲ್ರಿ? ಅದು ನಮ್ಮ ಕರ್ಚಿಕಾಯಿ. ಪಂಚಮಿ ಬಂದ್ರ ನಮ್ಮವ್ವ ಬುಟ್ಟಿಗಟ್ಟಲೆ ಮಾಡ್ತಾಳ.

— ಅದೇ. ಒಳಗೆ ಎಳ್ಳು, ತೆಂಗಿನತುರಿ, ಏಲಕ್ಕಿ, ಗೋಡಂಬಿ. ನಮ್ಮ ಹಿರಿಯರು 16, 17ನೇ ಶತಮಾನದಲ್ಲಿ ಗೋವಾದಿಂದ ಇಳಿದು ಬಂದವರಲ್ಲವಾ, ದೇವರು ಬದಲಾಗಿದ್ದರೂ ಬಾಣಲೆ ಬದಲಾಗಿರಲಿಲ್ಲ. ಕೇಕ್ ಮಾತ್ರ ತಡವಾಗಿ ಬಂತು. ತಲಶ್ಶೇರಿಯ ಮಾಂಬಳ್ಳಿ ಬಾಪು 1883ರಲ್ಲಿ ಒಬ್ಬ ತೋಟದ ದೊರೆಗೆ ಮಾಡಿಕೊಟ್ಟದ್ದೇ ಈ ದೇಶದ ಮೊದಲ ಕ್ರಿಸ್‌ಮಸ್ ಕೇಕ್ ಅಂತ ಅಲ್ಲಿಯವರ ಹೆಮ್ಮೆ. ನಮ್ಮ ಅಮ್ಮನ ಹತ್ತಿರ ಓವನ್ ಎಲ್ಲಿತ್ತು? ದೊಡ್ಡ ಪಾತ್ರೆಗೆ ಮರಳು, ಅದರೊಳಗೆ ಕೇಕಿನ ತಟ್ಟೆ, ಮುಚ್ಚಳದ ಮೇಲೆ ಕೆಂಡ. ಅಡಿ ಕರಟುತ್ತಿತ್ತು, ನಡು ಹಸಿ ಇರುತ್ತಿತ್ತು, ಎಲ್ಲರೂ ತಿನ್ನುತ್ತಿದ್ದೆವು.

— ಈಗ ಓವನ್ ಐತಲ್ರಿ. ಅದರ ಪಕ್ಕದ ಕರಿ ಡಬ್ಬಿ ಏನ್ರಿ?

— ಏರ್ ಫ್ರೈಯರ್. ಮಗಳು ಕಳಿಸಿದ ಗಿಫ್ಟ್. ‘ಅಮ್ಮ, ಎಣ್ಣೆ ಕಡಿಮೆ ಮಾಡು’ ಅಂತ. ಅದರಲ್ಲಿ ಹಪ್ಪಳ ಸುಡ್ತೇವೆ, ಚೆನ್ನಾಗಿ ಆಗ್ತದೆ. ಕಿಡ್ಯೊ ಹಾಕಿ ನೋಡಿದೆ, ಗಟ್ಟಿ ಕಲ್ಲಾಯಿತು. ಫೋನಿನಲ್ಲಿ ಹೇಳಲಿಲ್ಲ.

— ಒಂದ್ ಮಾತು ಮೇಡಂ. ಮೈದಾ, ತೆಂಗಿನಹಾಲು, ತತ್ತಿ, ಸಕ್ಕರಿ. ಬಾಚಣಿಗಿಗೆ ಒತ್ತಿದ್ರ ಕಿಡ್ಯೊ. ಲಟ್ಟಿಸಿ ಶಂಕರಪೋಳಿಗತೆ ಕೊರದ್ರ ಅದಕ್ಕೇನೋ ಅಂದ್ರಿ...

— ತುಕ್ಡಿ.

— ತುಕ್ಡಿ. ತೆಳ್ಳಗ ಕಲಸಿ ಅಚ್ಚಿನಾಗ ಅದ್ದಿದ್ರ ಕೊಕ್ಕಿಸಾಂ. ಸಾಮಾನು ಹೆಚ್ಚುಕಡಿಮಿ ಅವೇ, ಜೋಡಿಸೋದಷ್ಟ ಬ್ಯಾರೆ. ಕೋಲನ್ ವರ್ಗೀಕರಣ ಆತಲ್ರಿ ಇದು!

— ಓಹೋ, ಲೈಬ್ರರಿ ಸೈನ್ಸ್ ಪಾಸಾದದ್ದು ಸುಳ್ಳಲ್ಲ ಅಂತಾಯ್ತು. ರಂಗನಾಥನ್ ಅವರಿಗೆ ಅದು ಹೊಳೆದದ್ದೂ ಆಟಿಕೆ ನೋಡಿಯೇ ಅಲ್ಲವಾ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಕಲಿಯಲಿಕ್ಕೆ ಲಂಡನ್ನಿಗೆ ಹೋದರು. ಅಲ್ಲಿ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಮೆಕ್ಯಾನೊ ಸೆಟ್ ನೋಡಿದರು. ಅವವೇ ಪಟ್ಟಿ, ಅವವೇ ನಟ್ಟು ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಗೊಂಬೆ. ಪುಸ್ತಕದ ವಿಷಯವನ್ನೂ ಹೀಗೇ ಬಿಡಿಬಿಡಿ ಮಾಡಿ ಜೋಡಿಸಿದರೆ? ಅದೇ 1933ರಲ್ಲಿ ಕೋಲನ್ ಪದ್ಧತಿಯಾಗಿ ಅಚ್ಚಾದದ್ದು. ಯಾವ ಹುಡುಗನ ಕ್ರಿಸ್‌ಮಸ್ಸಿಗೆ ಇಟ್ಟ ಆಟಿಕೆಯೋ, ಪಾಠ ಆದದ್ದು ನಮಗೆ. ಇನ್ನೊಂದು ಗೊತ್ತುಂಟಾ? ಅದಕ್ಕೂ ಮೊದಲು, 1917ರಲ್ಲಿ, ಅವರು ಗಣಿತ ಕಲಿಸಲಿಕ್ಕೆ ಬಂದದ್ದು ಇದೇ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಆಗ ಗ್ರಂಥಾಲಯದ ಗೊಡವೆಯೇ ಇರಲಿಲ್ಲ.

— ಅವಾಗ ಯಾರರ ಕುಸ್ವಾರ್ ಕೊಟ್ಟಿರಬೇಕ್ರಿ.

— ಕೊಟ್ಟಿದ್ದರೂ ಮೊಟ್ಟೆ ಇಲ್ಲದ್ದು ಆರಿಸಿ ಕೊಟ್ಟಿರ್ತಾರೆ.

— ಹಂಗಾದ್ರ ಪರೀಕ್ಷಾ ಮಾಡ್ತೀನಿ. ಕುಸ್ವಾರ್ ಮ್ಯಾಲೆ ಒಂದ್ ಪುಸ್ತಕ ಬಂತು ಅನ್ರಿ. ಡ್ಯೂಯಿ ಪ್ರಕಾರ ಎಲ್ಲಿ ಇಡ್ತೀರಿ? ಅಡಿಗಿ ಅಂತ 641.5ರಾಗೋ, ಹಬ್ಬ ಅಂತ 394.26ರಾಗೋ?

— ಪಂಡಿತರು 394 ಅಂತಾರು. ನಾನು 641ರಲ್ಲೇ ಇಡ್ತೇನೆ. 394ರಲ್ಲಿಟ್ಟರೆ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರ ಕಣ್ಣಿಗೂ ಬೀಳದೆ ಕೂತಿರ್ತದೆ. 641ರಲ್ಲಿಟ್ಟರೆ ಮನೆಗೆ ಹೋಗಿ ಎಣ್ಣೆ ಕಲೆ ಮಾಡಿಕೊಂಡು ವಾಪಸ್ ಬರ್ತದೆ. ಎಣ್ಣೆ ಕಲೆಗೆ ನಾನು ದಂಡ ಹಾಕುದಿಲ್ಲ, ಅದು ಓದಿದ್ದಕ್ಕೆ ಸಾಕ್ಷಿ. ಈಗ ಬಾ, ಎಣ್ಣೆ ಕಾದಿದೆ. ಕೊಕ್ಕಿಸಾಂ ನೋಡು. ಈ ಕಬ್ಬಿಣದ ಹೂವು ಅತ್ತೆಯದ್ದು. ಮೊದಲು ಬರೀ ಅಚ್ಚನ್ನೇ ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಬೇಕು. ಈಗ ಹಿಟ್ಟಿಗೆ ಅದ್ದುದು. ಪೂರ್ತಿ ಅಲ್ಲ, ನಿಲ್ಲು! ಅಂಚು ಮುಳುಗಿದರೆ ಮೇಲೆ ಟೋಪಿ ಕೂತುಬಿಡ್ತದೆ, ಆಮೇಲೆ ಚಾಕು ಹಾಕಿ ಕೆರೆಯಬೇಕು. ಮುಕ್ಕಾಲು ಮಾತ್ರ. ಚುಂಯ್ ಅಂತಾ? ಹಿಟ್ಟು ಹಿಡಿಯಿತು. ಈಗ ಎಣ್ಣೆಗೆ ಇಳಿಸು, ಸ್ವಲ್ಪ ತಾಳು, ಕೈ ಅಲ್ಲಾಡಿಸು.

— ಬಿಡವಲ್ದು ಇದು.

— ಅವಸರ ಮಾಡಬೇಡ. ತಾನಾಗಿ ಅಂಚು ಗಟ್ಟಿಯಾದಾಗ ಬಿಡ್ತದೆ. ಹಾಂ, ನೋಡು, ತೇಲಿತು. ಮೊದಲಿನ ಎರಡು ಮೂರು ಯಾವಾಗಲೂ ಹಾಳು. ಅವು ಅಡುಗೆಯವರ ಪಾಲು, ತಿನ್ನು.

— ಬಿಸಿ... ಆದ್ರ ಮಸ್ತ್ ಐತ್ರಿ. ಅಲ್ಲಾ, ಇಬ್ಬರೇ ಇರೋ ಮನಿಗೆ ಇಷ್ಟ್ಯಾಕ್ರಿ? ಸರಳ ಕ್ರಿಸ್‌ಮಸ್ ಅಂತ ನೀವಾ ಅಂದ್ರಿ.

— ಸರಳವೇ. ನಕ್ಷತ್ರ ಒಂದು, ಗೋದಲಿ ಒಂದು. ಗೋದಲಿಯ ಮುಂದೆ ಹಸಿರಿಗೆ ಡಬ್ಬಿ ಮುಚ್ಚಳಗಳಲ್ಲಿ ಭತ್ತ ಮೊಳಕೆ ಹಾಕಿದ್ದೇನೆ, ನೋಡಿದೆಯಲ್ಲ. ಹೊಸ ಬಟ್ಟೆ ಇಲ್ಲ, ಪಾರ್ಟಿ ಇಲ್ಲ. ಬಲಿಪೂಜೆ ಮೊದಲು ಮಧ್ಯರಾತ್ರಿಗೆ ಇತ್ತು, ಈಗ ನಮ್ಮ ಇಗರ್ಜಿಯಲ್ಲಿ ಸಂಜೆ ಏಳೂವರೆಗೇ. ಹತ್ತಕ್ಕೆ ಮಲಗಿಯಾಗ್ತದೆ. ಮರುದಿನ ಸಾನ್ನಾಂ, ದುಕ್ರಾಮಾಸ್. ನಿನಗೆ ಹಂದಿ ಇಲ್ಲದ್ದು ಬೇರೆ ಇರ್ತದೆ, ಹೆದರಬೇಡ. ಮನೆಯೊಳಗಿನದ್ದು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಹೊರಗೆ ಹೋಗುವ ತಟ್ಟೆ ಕಡಿಮೆ ಮಾಡ್ಲಿಕ್ಕೆ ಬರುದಿಲ್ಲ. ಆ ಫ್ರಿಜ್ಜಿನ ಮೇಲಿನ ನೋಟ್‌ಪುಸ್ತಕ ತಾ.

— ಇದು ನಮ್ಮ ಪರಿಗ್ರಹಣ ವಹಿ ಕಂಡಂಗ ಕಾಣ್ತೈತಿ! ಗೆರಿ ಹೊಡದು, ಕ್ರಮಸಂಖ್ಯೆ, ಷರಾ ಕಾಲಂ...

— ಅತ್ತೆ ಶುರು ಮಾಡಿದ್ದು, ಗೆರೆ ಹಾಕಿದ್ದು ನಾನು. ಓದು.

— ‘ಎದುರು ಮನೆ. ಮೊಟ್ಟೆ ಇಲ್ಲ. ನೆವ್ರಿ, ಚಕ್ಕುಲಿ, ಎಳ್ಳುಂಡೆ ಮಾತ್ರ.’ ‘ಮೂಲೆ ಮನೆ ಬ್ಯಾರಿಗಳು. ರಮ್ ಹಾಕಿದ ಕೇಕ್ ಬೇಡ, ಕಿತ್ತಳೆ ರಸದ್ದು.’ ‘ಟೈಲರ್. ಸಕ್ಕರೆ ಕಾಯಿಲೆ, ಚಕ್ಕುಲಿ ಹೆಚ್ಚು.’ ‘ಬಾವಿ ಪಕ್ಕದ ಮನೆ. ಈ ವರ್ಷ ಸಾವಾಗಿದೆ, ಎರಡು ಪಾಲು.’ ಇದ್ಯಾಕ್ರಿ ಎರಡು ಪಾಲು?

— ಸಾವಾದ ಮನೆಯಲ್ಲಿ ಆ ವರ್ಷ ಎಣ್ಣೆ ಕಾಯಿಸುವ ಉಮೇದು ಯಾರಿಗಿರ್ತದೆ? ಮಕ್ಕಳಿಗೆ ಆಸೆ ಇದ್ದೇ ಇರ್ತದೆ. ಅವರ ಪಾಲು ನಾವು ಮಾಡುದು.

— ಈ ಕಡೀ ಕಾಲಂ ನೋಡ್ರಿ. ‘ದೀಪಾವಳಿಗೆ ಬಂದದ್ದು. ರಂಜಾನಿಗೆ ಬಂದದ್ದು.’ ಮೇಡಂ, ಸಿಟ್ಟಾಗಬ್ಯಾಡ್ರಿ, ಇದು ನಂಗ ಅಷ್ಟು ಸರಿ ಅನ್ಸಲಿಲ್ಲ. ಕೊಟ್ಟದ್ದಕ್ಕ ಲೆಕ್ಕ ಇಟ್ರ ಅದು ಉಡುಗೊರಿ ಹೆಂಗಾತು? ಪುಸ್ತಕ ಕೊಟ್ಟು ಹದಿನೈದು ದಿನಕ್ಕ ವಾಪಸ್ ಕೇಳೋದು ನಮ್ಮ ನೌಕರಿ. ಮನ್ಯಾಗೂ ಅದಾ?

— ಸಿಟ್ಟು ಎಂತಕ್ಕೆ? ಮಗಳೂ ಇದನ್ನೇ ಕೇಳ್ತಾಳೆ. ಲೆಕ್ಕ ಇಡದೆ ಕೊಡುದು ದೊಡ್ಡ ಗುಣ ಅಂತ ನೀವು ಎಣಿಸಿದ್ದೀರಿ. ನನಗೆ ಹಾಗೆ ಕಾಣುದಿಲ್ಲ. ಲೆಕ್ಕ ಇಡದವರು ಎದುರು ಮನೆಗೆ ಮೊಟ್ಟೆ ಹಾಕಿದ ಕೇಕ್ ಕಳಿಸ್ತಾರೆ, ಅವರು ನಗುತ್ತಾ ತಗೊಂಡು ಕೆಲಸದವಳಿಗೆ ಕೊಡ್ತಾರೆ. ಎಲ್ಲರಿಗೂ ಒಂದೇ ಅಳತೆಯ ಒಂದೇ ಡಬ್ಬಿ ಕೊಡುದು ಸುಲಭ. ಕಂಪೆನಿಗಳು ದೀಪಾವಳಿಗೆ ಡ್ರೈ ಫ್ರೂಟ್ಸ್ ಡಬ್ಬಿ ಹಂಚುದಿಲ್ಲವಾ, ಹಾಗೆ. ಯಾರು ಎಂತ ತಿನ್ನುದಿಲ್ಲ, ಯಾರ ಮನೆಯಲ್ಲಿ ಈ ವರ್ಷ ಎಂತ ಆಯ್ತು ಅಂತ ನೆನಪಿಟ್ಟು ಕೊಡಬೇಕಾದರೆ ಎಲ್ಲಾದರೂ ಬರೆದಿಡಲೇಬೇಕು. ನನ್ನ ತಲೆ ಕಂಪ್ಯೂಟರ್ ಅಲ್ಲ.

— ಅದನ್ನ ಒಪ್ತೀನ್ರಿ. ಆದ್ರ ‘ಬಂದದ್ದು’ ಯಾಕ?

— ತಟ್ಟೆ ಖಾಲಿ ವಾಪಸ್ ಬರುದಿಲ್ಲ ನಮ್ಮ ಕಡೆ. ನಿಮ್ಮ ಕಡೆ?

— ಇಲ್ರಿ, ನಮ್ಮ ಕಡೆನೂ. ನಮ್ಮವ್ವ ಏನೂ ಇರಲಿಲ್ಲ ಅಂದ್ರ ಒಂದ್ ಮುಷ್ಟಿ ಸಕ್ಕರಿ ಹಾಕಿ ಕೊಡ್ತಾಳ.

— ಆ ಸಕ್ಕರೆಯೂ ಲೆಕ್ಕವೇ ಅಲ್ಲವಾ? ಅದನ್ನು ಯಾರೂ ಬರೆದಿಡುದಿಲ್ಲ ಅಷ್ಟೆ. ಬಂದದ್ದು ಬರೆದಿಟ್ಟದ್ದು ತಕ್ಕಡಿ ಸರಿ ಮಾಡ್ಲಿಕ್ಕೆ ಅಲ್ಲ. ಒಂದು ಮನೆಯಿಂದ ದೀಪಾವಳಿಗೆ ಏನೂ ಬರಲಿಲ್ಲ ಅಂದರೆ ಅಲ್ಲಿ ಎಂತದೋ ಆಗಿದೆ ಅಂತ ಅರ್ಥ. ಕೆಲಸ ಹೋಗಿರ್ತದೆ, ಆಸ್ಪತ್ರೆ ಇರ್ತದೆ, ಇಲ್ಲ ನಮ್ಮ ಮೇಲೆ ಸಿಟ್ಟು. ಮೂರೂ ತಿಳಿಯಬೇಕಾದದ್ದೇ. ವರ್ಷಕ್ಕೆ ಎರಡು ಸಲ ಪುಸ್ತಕ ತಗೊಳ್ಳುವವನು ಬರದೇ ಹೋದರೆ ನೀನು ಕೌಂಟರಿನಲ್ಲಿ ಕೇಳುದಿಲ್ಲವಾ?

— ಕೇಳ್ತೀನ್ರಿ. ಆದ್ರ ನಮ್ಮ ಲೈಬ್ರರಿ ಫುಕಟ್ ಸೇವಾ. ಜನ ನಮಗೇನೂ ಕೊಡೂದಿಲ್ಲ.

— ಎಲ್ಲಿಯ ಫುಕಟ್? ಮನೆ ತೆರಿಗೆಯ ರಶೀದಿ ನೋಡು. ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತದೆ, ತೆರಿಗೆಯ ಶೇ 6. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಆ ಟೈಲರ್ ಕಟ್ಟಿದ ದುಡ್ಡಿನ ಪುಸ್ತಕವನ್ನೇ ಟೈಲರನ ಮಗನಿಗೆ ಕೊಟ್ಟು, ನಾವು ದಾನ ಮಾಡಿದವರ ಹಾಗೆ ಮುಖ ಮಾಡ್ತೇವೆ. ಆ ರಶೀದಿ ಓದಿದ ಮೇಲೆ ಕೌಂಟರಿನಲ್ಲಿ ಜೋರು ಮಾತಾಡುದು ಬಿಟ್ಟಿದ್ದೇನೆ. ಕಿಡ್ಯೊ ಕರಟುತ್ತದೆ, ಉರಿ ಸಣ್ಣ ಮಾಡು.

— ಮಾಡಿದೆ. ಹಂಗಾದ್ರ ಇವರಿಗೆಲ್ಲಾ ತಟ್ಟಿ ಜೋಡಿ ಪುಸ್ತಕಾನೂ ಕೊಡಬಹುದಲ್ರಿ? ಗ್ರಂಥಪಾಲಕಿ ಮನಿ ಅಂದ್ರ ಪುಸ್ತಕದ ಉಡುಗೊರಿನಾ ಇರಬೇಕು. ಐಸ್‌ಲ್ಯಾಂಡಿನಾಗ 24ರ ರಾತ್ರಿ ಎಲ್ಲಾರೂ ಪುಸ್ತಕ ಕೊಟ್ಟು, ರಾತ್ರಿ ಪೂರಾ ಓದ್ತಾರಂತ.

— ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೆ ಸಾಮಾನಿನ ಆಮದಿಗೆ ಕಟ್ಟುನಿಟ್ಟಿತ್ತು, ಕಾಗದಕ್ಕೆ ಅಷ್ಟಿರಲಿಲ್ಲ. ಹಾಗಾಗಿ ಪುಸ್ತಕವೇ ಉಡುಗೊರೆಯಾಯಿತು. 1944ರಿಂದ ಪ್ರಕಾಶಕರ ಪಟ್ಟಿ ಬರ್ತದೆ, ಜನ ಅದರಲ್ಲಿ ಆರಿಸ್ತಾರೆ. ಆರಿಸ್ತಾರೆ ಅನ್ನುದು ಮುಖ್ಯ. ನಮ್ಮಲ್ಲಿ ಪುಸ್ತಕ ಕೊಡುವವರು ಆರಿಸುದಿಲ್ಲ, ಉಪದೇಶ ಮಾಡ್ತಾರೆ. ನಮ್ಮ ದೇಣಿಗೆ ಪುಸ್ತಕಗಳ ರಾಶಿ ನೋಡಿದ್ದೀಯಲ್ಲ?

— ನೋಡೀನಿ. ಹಳೇ ಗೈಡು, ಹರಕು ವಿಶ್ವಕೋಶ.

— ಅದರ ನಡುವೆ ಫಳಫಳ ಹೊಳೆಯುವ ಪುಸ್ತಕ ಇರ್ತದೆ. ಬೆನ್ನು ಮುರಿದಿಲ್ಲ, ಒಂದು ಕಿವಿ ಮಡಚಿಲ್ಲ. ತೆರೆದರೆ ಮೊದಲ ಪುಟದಲ್ಲಿ ಗುಂಡು ಅಕ್ಷರದಲ್ಲಿ ಬರೆದಿರ್ತದೆ, ಚೆನ್ನಾಗಿ ಓದಿ ದೊಡ್ಡ ಮನುಷ್ಯನಾಗು ಅಂತ, ಕೆಳಗೆ ಮಾವನ ಸಹಿ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇದು, ರಾಶಿಯಲ್ಲಿ ಎಲ್ಲಕ್ಕಿಂತ ಶುಭ್ರವಾಗಿರುದು ಗಿಫ್ಟ್ ಬಂದ ಪುಸ್ತಕವೇ. ಮಹಾತ್ಮರ ಚರಿತ್ರೆ, ವ್ಯಕ್ತಿತ್ವ ವಿಕಸನ, ದಪ್ಪ ನಿಘಂಟು. ಮಕ್ಕಳ ವಿಭಾಗದಲ್ಲಿ ಹರಿದು ಚಿಂದಿಯಾದದ್ದು ಯಾವುದು? ತೆನಾಲಿ ರಾಮ, ದೆವ್ವದ ಕತೆ. ಅವನ್ನು ಯಾವ ಮಾವನೂ ಕೊಡುದಿಲ್ಲ.

— ಆ ಬರದಿದ್ದ ಪುಟಾ ಹರದು ಹಾಕಬೇಕೇನ್ರಿ? ನಾ ಒಂದೆರಡು ಹರದೀನಿ, ಖಾಸಗಿ ಅಂತ.

— ಹರಿಯಬೇಡ. ನಮ್ಮ ಮುದ್ರೆ ಪಕ್ಕದಲ್ಲಿ ಬೀಳಲಿ. ಪುಸ್ತಕ ಎಲ್ಲಿಂದ ಬಂತು ಅನ್ನುದೂ ಅದರ ದಾಖಲೆಯೇ.

— ಆತ್ರಿ. ಅಂದ್ರ ನೀವು ಯಾರಿಗೂ ಪುಸ್ತಕಾನ ಕೊಡೂದಿಲ್ಲೇನು?

— ಕೊಡ್ತೇನೆ. ತಿಂಡಿ ತಪ್ಪಾದರೆ ಒಂದು ವಾರದಲ್ಲಿ ಖಾಲಿ, ಮರೆತುಹೋಗ್ತದೆ. ಪುಸ್ತಕ ತಪ್ಪಾದರೆ ಅಲ್ಮೇರಾದಲ್ಲಿ ಕೂತು ವರ್ಷಗಟ್ಟಲೆ ಮುಖ ನೋಡ್ತದೆ. ಹಾಗಾಗಿ ಮೊದಲು ನಮ್ಮಿಂದ ಎರವಲು ಕೊಟ್ಟು ನೋಡುದು. ಮಗು ಅದನ್ನೇ ಎರಡನೇ ಸಲ ರಿನ್ಯೂ ಮಾಡಿಸಿಕೊಂಡರೆ, ಅದೇ ಪುಸ್ತಕ ಅಂಗಡಿಯಿಂದ ತಂದು ಕೊಡುದು. ಮೂಲೆ ಮನೆ ಹುಡುಗಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ತಗೊಂಡು ಹೋಗಿ ವಾಪಸ್ ಕೊಡಲಿಕ್ಕೇ ಒಲ್ಲೆ ಅಂದಳು. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದ ಪುಸ್ತಕ ಅಂತ ಅವಳಿಗೆ ಎಂತ ಗೊತ್ತು? ಅಣೆಕಟ್ಟಿನ ನೀರಲ್ಲಿ ಊರು ಮುಳುಗಿದ್ದು ಅವಳ ತಲೆಗೆ ಹೊಕ್ಕಿದೆ. ಈ ಸಲ ಅದೇ ಅವಳ ಗಿಫ್ಟ್.

— ಓದಿದ ಪುಸ್ತಕಾನ ಮತ್ತ ಕೊಡೂದು? ಹೊಸದು ಅನ್ಸೂದಿಲ್ಲಲ್ರಿ.

— ಹೊಸತನ ಬೇಕಾದವರಿಗೆ ಬಟ್ಟೆ ಅಂಗಡಿ ಉಂಟು. ಹಾಗೆ ನೋಡಿದರೆ ಕ್ರಿಸ್‌ಮಸ್ಸಿಗೆ ಹೊಸ ಪುಸ್ತಕ ಮಾರುವ ವ್ಯಾಪಾರವೂ ಹಳೆಯದ್ದೇ. ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ 1843ರ ಡಿಸೆಂಬರ್ 19ಕ್ಕೆ ಹೊರಬಂತು, ಹಬ್ಬದ ಮುನ್ನಾದಿನಕ್ಕೆ 6,000 ಪ್ರತಿ ಖಾಲಿ. ಅದೇ ವರ್ಷ ಜುಲೈ 1ಕ್ಕೆ ಇಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ್ದು. ಒಂದಕ್ಕೊಂದು ಸಂಬಂಧ ಇಲ್ಲ, ಆದರೂ ಎರಡೂ ಒಂದೇ ವರ್ಷ ಅಂತ ನೆನೆದರೆ ನನಗೆ ಖುಷಿ.

— ಸಾಹೇಬ್ರು ನಿಮಗ ಏನ್ ಕೊಡ್ತಾರ್ರಿ?

— ಇವರಾ? ಹೋದ ವರ್ಷ ತುರಿಮಣೆಗೆ ಹೊಸ ನಾಲಗೆ ಹಾಕಿಸಿ, ಮೇಲೆ ರಿಬ್ಬನ್ ಕಟ್ಟಿ ಕೊಟ್ಟರು. ತುರಿಯುವವರು ಅವರೇ, ನೆನಪಿರಲಿ.

— ಅದು ತಮಗ ತಾವಾ ಕೊಟ್ಟಂಗ!

— ಅಲ್ಲವಾ? ನಾನೂ ಕಡಿಮೆಯವಳಲ್ಲ, ಅವರಿಗೆ ಕಾದಂಬರಿ ಕೊಟ್ಟೆ. ಈಗ ನಾನು ಓದ್ತಾ ಇದ್ದೇನೆ. ಸರಿ, ಈ ಕಿಡ್ಯೊಗೆ ಸಕ್ಕರೆ ಪಾಕ ಹತ್ತಿಸುವ. ಗಟ್ಟಿ ಪಾಕ ಬೇಕು, ಬಾಣಲೆ ಇಳಿಸಿದ ಮೇಲೆ ಕೈ ಬಿಡದೆ ತಿರುಗಿಸಬೇಕು, ಒಂದೊಂದಕ್ಕೂ ಬಿಳಿ ಹಿಡಿಯುವವರೆಗೆ. ನೀನು ಈ ಡಬ್ಬಿ ತಗೋ, ನಿನ್ನ ಪಿ.ಜಿ. ಹುಡುಗಿಯರಿಗೆ.

— ಸ್ಟೀಲ್ ಡಬ್ಬಿ! ಇದನ್ನೂ ವಹಿಯಾಗ ಬರೀತೀರೇನ್ರಿ?

— ಬರೆದಾಯ್ತು. ಷರಾ ಕಾಲಂ ನೋಡು, ‘ಸಂಕ್ರಾಂತಿ’ ಅಂತ ಉಂಟು.

— ನಮ್ಮವ್ವನ ಶೇಂಗಾ ಹೋಳಿಗಿ ಸಲುವಾಗಿ ಅಂತ ಬರಕೋರ್ರಿ. ಊರಿಗೆ ಹೋಗಿ ಬರೂ ಮುಂದ ತುಂಬಿಸಿಕೊಂಡು ಬರ್ತೀನಿ. ಮತ್ತ ಇಲ್ಲೊಂದು ಸಾಲಿಗೆ ಕೆಂಪು ಗೆರಿ ಐತಿ. ‘ನಿವೃತ್ತ ಮಾಸ್ತರು, ಮೂರನೇ ಅಡ್ಡರಸ್ತೆ.’ ಇವರು ನಮ್ಮ ಸದಸ್ಯರಲ್ರಿ? ಎರಡು ಸಂಪುಟ ತಗೊಂಡು ಹೋಗಿ ವಾಪಸ್ ಕೊಡದವರು?

— ಅವರೇ. ಒಬ್ಬರೇ ಇರುದು, ಗಟ್ಟಿ ಜಗಿಯಲಿಕ್ಕೆ ಹಲ್ಲಿಲ್ಲ. ಅವರಿಗೆ ಕೇಕ್ ಮಾತ್ರ, ದೊಡ್ಡ ತುಂಡು. ನಿನ್ನ ದಾರಿಯಲ್ಲೇ ಉಂಟು, ಕೊಟ್ಟು ಹೋಗ್ತೀಯಾ?

— ಕೊಡ್ತೀನ್ರಿ. ಹಂಗಾ ಆ ಸಂಪುಟಾನೂ ಕೇಳಿಬಿಡಲೇನು? ದಾಸ್ತಾನು ಪರಿಶೀಲನಿ ಬ್ಯಾರೆ ಹತ್ರ ಬಂತು.

— ಬೇಡ! ತಟ್ಟೆ ಹಿಡಿದ ಕೈಯಲ್ಲಿ ಅದರ ಸುದ್ದಿ ಎತ್ತಬೇಡ. ಅವರೇ ಎತ್ತಿದರೂ ಹೌದಾ ಸಾರ್ ಅಂತ ಸುಮ್ಮನಿರು. ಕೂರಲಿಕ್ಕೆ ಹೇಳಿದರೆ ಸ್ವಲ್ಪ ಹೊತ್ತು ಕೂತು ಬಾ.

— ಮತ್ತ ಸಂಪುಟ?

— ಅದರ ನೆನಪೋಲೆ 27ಕ್ಕೆ ಹೋಗ್ತದೆ. ಸರ್ಕಾರಿ ಲಕೋಟೆಯಲ್ಲಿ, ಅಂಚೆ ಮೂಲಕ.